ಬೀಜದ ಚೀಲಕ್ಕೊಂದು ವಂಶಾವಳಿ

ಮುಂಗಾರು ಹದವಾಗುವ ಹೊತ್ತಿಗೆ ಹಳೇ ಮೈಸೂರು ಸೀಮೆಯಲ್ಲಿ ರಾಗಿ ಬೀಜದ ಮಾತು ಶುರುವಾಗುತ್ತದೆ. ಜಿಪಿಯು-28, ಎಂಎಲ್-365, ಎಂಆರ್-6, ಕೆಎಂಆರ್-204, ಜಿಪಿಯು-45 ಎಂದು ಬಿಡುಗಡೆಯಾದ ತಳಿಗಳ ಪಟ್ಟಿ ಉದ್ದವಾಗಿಯೇ ಇದೆ. ಇಷ್ಟೊಂದು ಹೆಸರುಗಳನ್ನು ಒಟ್ಟಿಗೆ ಕಂಡವರಿಗೆ ರಾಗಿಯಲ್ಲಿ ವೈವಿಧ್ಯಕ್ಕೇನೂ ಬರವಿಲ್ಲ ಅನಿಸುವುದು ಸಹಜ. ಆ ಅನಿಸಿಕೆಯನ್ನೇ ಈ ವಾರ ಒರೆಗೆ ಹಚ್ಚೋಣ. ತಳಿಗಳ ಹೆಸರು ಎಣಿಸಿ ಬೆಳೆಯ ವೈವಿಧ್ಯವನ್ನು ಅಳೆಯಲಾಗದು, ಆ ಹೆಸರುಗಳ ಹಿಂದಿರುವ ತಾಯಿ ತಂದೆಯರನ್ನು ಎಣಿಸಬೇಕು ಎಂಬುದು ನನ್ನ ವಾದ. ಹಾಗೆ ಎಣಿಸುವುದಕ್ಕೆ ತಳಿ ಅಭಿವೃದ್ಧಿ ಕೆಲಸದವರು ದಿನವೂ ಆಡುವ ನಾಲ್ಕಾರು ಪದಗಳ ಅರ್ಥ ಸ್ಪಷ್ಟವಾಗಿ ಗೊತ್ತಿರಬೇಕು. ಅವು ವಿಜ್ಞಾನಿಗಳ ಖಾಸಗಿ ಭಾಷೆಯಾಗಿ ಉಳಿದುಬಿಟ್ಟಿರುವುದರಿಂದಲೇ ಬೀಜದ ಬಗ್ಗೆ ನಮ್ಮಲ್ಲಿ ನಡೆಯುವ ಬಹುಪಾಲು ಚರ್ಚೆ ದಾರಿ ತಪ್ಪುತ್ತದೆ.

ಮೊದಲಿಗೆ ನಾಟಿ ತಳಿ. ಗಿಡ್ಡ ರಾಗಿ, ಗುಟ್ಟೆ, ಹಸಿರು ಕಂಬಿ, ದೊಡ್ಡ ರಾಗಿ, ಮಜ್ಜಿಗೆ ರಾಗಿ, ರುದ್ರಜಡೆ, ಇವೆಲ್ಲ ರೈತರ ಮನೆಯಲ್ಲೇ ತೆನೆ ಆರಿಸಿ, ಬೀಜ ಕಟ್ಟಿಟ್ಟು, ನೆಂಟರಿಷ್ಟರಿಗೆ ಕೊಟ್ಟು ಉಳಿದುಬಂದವು. ದೂರದಿಂದ ನೋಡಿದರೆ ಹೊಲವೆಲ್ಲ ಒಂದೇ ಬಗೆಯ ಪೈರು. ಆದರೆ ನಾಟಿ ತಳಿ ಅಂದರೆ ಒಂದು ಗಿಡದ ಸಂತಾನವಲ್ಲ, ಹಲವು ವಂಶಗಳು ಕಲೆತು ಬಾಳುವ ಗುಂಪು. ರಾಗಿ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ. ಹಾಗಾಗಿ ಒಂದೊಂದು ಗಿಡವೂ ಬಹುತೇಕ ತನ್ನ ವಂಶವನ್ನೇ ಮುಂದುವರಿಸುತ್ತದೆ, ಪಕ್ಕದ ಗಿಡ ಬೇರೊಂದು ವಂಶದ್ದು. ಮಳೆ ಕೈಕೊಟ್ಟ ವರ್ಷ ಅವುಗಳಲ್ಲಿ ಕೆಲವು ಮುಂದೆ ಬರುತ್ತವೆ, ರೋಗ ಬಿದ್ದ ವರ್ಷ ಇನ್ನು ಕೆಲವು. ಇದರ ಎದುರು ತುದಿಯಲ್ಲಿರುವುದು ಶುದ್ಧ ವಂಶ, ಅಂದರೆ ಒಂದೇ ಗಿಡದಿಂದ ಸ್ವಕೀಯ ಪರಾಗಸ್ಪರ್ಶದ ಮೂಲಕ ಹುಟ್ಟಿದ ಸಂತತಿ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸನ್ 1903ರಲ್ಲಿ ಹುರುಳಿಕಾಯಿ ಜಾತಿಯ ಬೀನ್ಸ್ ಕಾಳಿನ ಮೇಲೆ ನಡೆಸಿದ ಪ್ರಯೋಗದಲ್ಲಿ ಈ ಎರಡರ ವ್ಯತ್ಯಾಸ ಬೆಳಕಿಗೆ ಬಂತು. ಬೆರಕೆ ಕಾಳಿನ ರಾಶಿಯಲ್ಲಿ ದಪ್ಪ ಕಾಳನ್ನು ಆರಿಸಿ ಬಿತ್ತಿದರೆ ಮುಂದಿನ ಬೆಳೆಯ ಕಾಳೂ ದಪ್ಪಗಾಗುತ್ತಿತ್ತು. ಒಂದೇ ಗಿಡದ ಸಂತತಿಯೊಳಗೆ ದಪ್ಪ ಕಾಳನ್ನು ಆರಿಸಿದರೂ ಸಣ್ಣ ಕಾಳನ್ನು ಆರಿಸಿದರೂ ಮುಂದಿನ ಬೆಳೆಯ ಸರಾಸರಿ ಕದಲಲಿಲ್ಲ. ಇದರ ಅರ್ಥ ಬಹಳ ದೊಡ್ಡದು. ಆಯ್ಕೆ ಹೊಸ ಗುಣವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಬೇರ್ಪಡಿಸುತ್ತದೆ. ಬೇರ್ಪಡಿಸಲು ಏನೂ ಉಳಿಯದ ಕಡೆ ಎಷ್ಟು ಆರಿಸಿದರೂ ವ್ಯರ್ಥ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಹೊರತಂದ ಎಚ್-22 ರಾಗಿ ಈ ಬೇರ್ಪಡಿಸುವ ಯುಗದ ಫಲ. ನಾಟಿ ಗುಂಪಿನಿಂದ ಉತ್ತಮವಾದ ಒಂದು ವಂಶವನ್ನು ಎತ್ತಿ ಹೆಚ್ಚಿಸಿದ್ದು ಆ ಕೆಲಸ.

ಬೇರ್ಪಡಿಸುವುದು ಮುಗಿದ ಮೇಲೆ ಕೂಡಿಸಬೇಕು. ಅದು ಸಂಕರಣ. ರಾಗಿಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ಅದರ ಗಂಡುಭಾಗ ತೆಗೆಯುವುದು ಸಾಹಸದ ಕೆಲಸ. ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಗಣ್ಣಿನಲ್ಲಿ ನೇರಳೆ ಬಣ್ಣವಿರುವ ಗಿಡವನ್ನು ತಂದೆಯಾಗಿ ಇಟ್ಟುಕೊಂಡು, ಹುಟ್ಟಿದ ಸಸಿಗಳಲ್ಲಿ ಆ ಬಣ್ಣ ತೋರಿದವನ್ನು ನಿಜವಾದ ಸಂಕರವೆಂದು ಆರಿಸುವ ಉಪಾಯ ಬಳಕೆಯಲ್ಲಿತ್ತು. ಇಂಥ ಬೆಳೆಯನ್ನು ಹಿಡಿದು ಬದುಕಿಡೀ ಕೂತವರು ರಾಗಿ ಲಕ್ಷ್ಮಣಯ್ಯ. 1950 ಮತ್ತು 60ರ ದಶಕಗಳಲ್ಲಿ ಅವರು ಕೊಟ್ಟ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ನಮ್ಮ ನಾಡಿನ ರಾಗಿಗಳನ್ನೇ ಪರಸ್ಪರ ಕೂಡಿಸಿ ಪಡೆದವು. ಆಮೇಲೆ ಅವರು ಇಟ್ಟ ಹೆಜ್ಜೆಯೇ ಈ ಬೆಳೆಯ ಚರಿತ್ರೆಯಲ್ಲಿ ಅತ್ಯಂತ ದೊಡ್ಡದು ಎಂದು ನಾನು ಎಣಿಸುತ್ತೇನೆ. ರಾಗಿ ಮೊದಲು ಮನುಷ್ಯರ ಕೈಗೆ ಪಳಗಿದ್ದು ಇಥಿಯೋಪಿಯಾ, ಉಗಾಂಡಾಗಳ ಎತ್ತರದ ನೆಲದಲ್ಲಿ. ಸಾವಿರಾರು ವರ್ಷಗಳ ಹಿಂದೆ ಸಾಗರ ದಾಟಿ ಭಾರತಕ್ಕೆ ಬಂದದ್ದು ಅಲ್ಲಿದ್ದ ಸಂಪತ್ತಿನ ಒಂದು ಪಾಲು ಮಾತ್ರ. ಆಫ್ರಿಕಾದ ರಾಗಿಗೆ ಗಟ್ಟಿ ದಂಟು, ದಪ್ಪ ಕಾಳು, ನಮ್ಮ ರಾಗಿಗೆ ಬೇಗ ಮಾಗುವ ಗುಣ, ಹೆಚ್ಚು ತೆಂಡೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎರಡನ್ನೂ ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕಾ ಸೇರಿದ ಇಂಡಾಫ್ ತಳಿಗಳು ಹೀಗೆ ಹುಟ್ಟಿದವು, ಬೆಂಗಾಡಿನ ರೈತರ ಕಣಜವನ್ನು ತುಂಬಿಸಿದವು. ತಳಿ ಅಭಿವೃದ್ಧಿಯೇ ವೈವಿಧ್ಯದ ಶತ್ರು ಎನ್ನುವವರು ಈ ಘಟ್ಟವನ್ನು ಗಮನಿಸಬೇಕು. ದೂರದ ನೆಲದ ವೈವಿಧ್ಯ ನಮ್ಮ ಹೊಲಕ್ಕೆ ಬಂದದ್ದೇ ಇಂಡಾಫ್‌ನ ಗುಟ್ಟು.

ಈಗ ಇಂದಿನ ಪಟ್ಟಿಗೆ ಬರೋಣ. ರಾಜ್ಯದ ರಾಗಿ ಹೊಲಗಳನ್ನು ಬಹುಕಾಲ ಆಳಿದ ಜಿಪಿಯು-28 ಯಾರ ಮಗು? ಇಂಡಾಫ್-9 ಮತ್ತು ಐಇ-1012ರ ಸಂಕರವನ್ನು ಇಂಡಾಫ್-5ರ ಜೊತೆ ಮತ್ತೆ ಕೂಡಿಸಿ ಪಡೆದದ್ದು. ಐಇ-1012 ಎಂಬುದು ತಳಿಯ ಹೆಸರೇ ಅಲ್ಲ, ಬೀಜ ಸಂಗ್ರಹದಲ್ಲಿರುವ ಒಂದು ಮಾದರಿಯ ದಾಖಲೆ ಸಂಖ್ಯೆ. ಜಿಪಿಯು-26ರ ಮೂಲವೂ ಇದೇ ಮೂರು. ಎಂಎಲ್-365 ಹುಟ್ಟಿದ್ದು ಐಇ-1012 ಮತ್ತು ಇಂಡಾಫ್-5ರಿಂದ. ಕೆಎಂಆರ್-204ರ ಒಂದು ಕಡೆ ಜಿಪಿಯು-26. ಜಿಪಿಯು-45ರ ಒಂದು ಕಡೆಯೂ ಜಿಪಿಯು-26, ಇನ್ನೊಂದು ಕಡೆ ಎಲ್-5. ಆ ಎಲ್-5ರೊಳಗೆ ಮತ್ತೆ ಇಂಡಾಫ್-9. ಐದು ಹೆಸರು, ಸುತ್ತಿ ಸುತ್ತಿ ಬರುವುದು ಅದೇ ಮೂವರು ಹಿರಿಯರ ಬಳಿಗೆ. ಆಫ್ರಿಕಾದ ಬಿಳಿ ರಾಗಿಯಿಂದ ಇಳಿದ ಎಂಆರ್-6ನಂಥವು ಈ ಬಳಗದ ಹೊರಗಿವೆ, ಆದರೆ ಅಂಥವು ಕಡಿಮೆ. ಒಂದೇ ತಾಯಿ ತಂದೆಗೆ ಹುಟ್ಟಿದ ಮಕ್ಕಳೂ ಬೇರೆ ಬೇರೆಯಲ್ಲವೇ ಎಂದು ಕೇಳಬಹುದು. ಖಂಡಿತ ಬೇರೆ. ಮಾಗುವ ಅವಧಿ, ಎತ್ತರ, ಹುಲ್ಲಿನ ಗುಣ, ಮುದ್ದೆಯ ರುಚಿ ಬೇರೆಯಾಗಬಹುದು. ಆದರೆ ವಿಜ್ಞಾನಿ ಯಾವ ಗುಣಕ್ಕಾಗಿ ಆ ಹಿರಿಯನನ್ನು ಕರೆತಂದನೋ ಆ ಗುಣಕ್ಕಾಗಿಯೇ ಪ್ರತಿ ತಲೆಮಾರಿನಲ್ಲೂ ಗಿಡಗಳನ್ನು ಆರಿಸಿರುತ್ತಾನೆ. ಐಇ-1012 ಬಂದದ್ದು ಬೆಂಕಿರೋಗ ತಡೆಯುವ ಶಕ್ತಿಗಾಗಿ. ಉಳಿದೆಲ್ಲದರಲ್ಲಿ ಬೇರೆಯಾದ ಮಕ್ಕಳು ಈ ಒಂದು ಶಕ್ತಿಯನ್ನು ಮಾತ್ರ ಒಂದೇ ಮೂಲದಿಂದ ಪಡೆದಿರುವ ಸಾಧ್ಯತೆ ಹೆಚ್ಚು. ರೋಗದ ಶಿಲೀಂಧ್ರಕ್ಕೆ ರೈತ ಇಟ್ಟುಕೊಂಡ ತಳಿಯ ಹೆಸರು ಗೊತ್ತಿಲ್ಲ, ಅದಕ್ಕೆ ಎದುರಾಗುವುದು ಈ ಶಕ್ತಿಯ ಹಿಂದಿನ ವಂಶವಾಹಿ ಮಾತ್ರ. ಅದನ್ನು ಮೀರುವುದನ್ನು ಒಂದು ಕಡೆ ಕಲಿತರೆ ಎಲ್ಲ ಕಡೆ ಕಲಿತಂತೆ.

ಇದು ಊಹೆಯ ಭಯವಲ್ಲ. ಅಮೆರಿಕದಲ್ಲಿ 1970ರಲ್ಲಿ ಮೆಕ್ಕೆಜೋಳಕ್ಕೆ ಆದದ್ದು ಇದೇ. ಅಲ್ಲಿನ ಮಾರುಕಟ್ಟೆಯಲ್ಲಿ ಹೈಬ್ರಿಡ್ ಹೆಸರುಗಳಿಗೆ ಲೆಕ್ಕವಿರಲಿಲ್ಲ, ಕಂಪನಿಗಳಿಗೂ ಬರವಿರಲಿಲ್ಲ. ಹೈಬ್ರಿಡ್ ಬೀಜ ಮಾಡುವಾಗ ಹೆಣ್ಣು ಸಾಲಿನ ಗಿಡಗಳ ಸೂಲಂಗಿಯನ್ನು ಕೈಯಿಂದ ಕಿತ್ತುಹಾಕಬೇಕು. ಆ ಕೂಲಿ ಉಳಿಸಲು ಎಲ್ಲರೂ ಟೆಕ್ಸಾಸ್ ಕೋಶದ್ರವ್ಯ ಎಂಬ ಒಂದೇ ಮೂಲದ, ಪರಾಗ ಬಿಡದ ತಾಯಿಯನ್ನು ಬಳಸಿದ್ದರು. ಕೋಶದ್ರವ್ಯ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ತಂದೆಯನ್ನು ಎಷ್ಟು ಬದಲಿಸಿದರೂ ಅದು ಹಾಗೆಯೇ ಉಳಿಯುತ್ತದೆ. ಆ ಹೊತ್ತಿಗೆ ಅಲ್ಲಿನ ಮೆಕ್ಕೆಜೋಳದ ಸುಮಾರು ಶೇ 85 ಭಾಗದಲ್ಲಿ ಅದೇ ಕೋಶದ್ರವ್ಯವಿತ್ತು. ಅದನ್ನೇ ಗುರಿ ಮಾಡುವ ಎಲೆಅಂಗಮಾರಿಯ ಹೊಸ ಬಗೆ ಬಂದಾಗ ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯ ಸುಮಾರು ಶೇ 15 ಭಾಗ ಹೋಯಿತು. ನಮ್ಮ ಸಜ್ಜೆಯ ಕಥೆ ಇದಕ್ಕಿಂತ ದೂರದ್ದೇನಲ್ಲ. 1965ರಲ್ಲಿ ಬಂದ ಎಚ್‌ಬಿ-1ರಿಂದ ಮೊದಲುಗೊಂಡು ಎಚ್‌ಬಿ ಸರಣಿಯ ಹೈಬ್ರಿಡ್‌ಗಳಿಗೆ ಅಮೆರಿಕದಿಂದ ತಂದ ಟಿಫ್ಟ್ 23ಎ ಒಂದೇ ತಾಯಿ. ಆ ತಾಯಿಗೆ ಬೂಜುರೋಗ ತಡೆಯುವ ಶಕ್ತಿ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ರೋಗ ಹಬ್ಬಿದಾಗ ಈ ಸರಣಿಯ ಹೈಬ್ರಿಡ್‌ಗಳು ಒಟ್ಟಿಗೇ ನೆಲಕಚ್ಚಿದವು. ತಜ್ಞರು ಇದನ್ನು ಆನುವಂಶಿಕ ದುರ್ಬಲತೆ ಎನ್ನುತ್ತಾರೆ. ನಾಟಿ ತಳಿಗಳು ಕಣ್ಮರೆಯಾಗುವುದು ಆನುವಂಶಿಕ ಸವೆತ. ಎರಡೂ ಒಂದೇ ಅಲ್ಲ. ಸವೆತದಿಂದ ನಾಳೆಯ ಕಚ್ಚಾ ಮಾಲು ಹೋಗುತ್ತದೆ, ದುರ್ಬಲತೆಯಿಂದ ಇವತ್ತಿನ ಬೆಳೆಯೇ ಹೋಗಬಹುದು. ನಮ್ಮ ಸಭೆಗಳಲ್ಲಿ ಸವೆತದ ಬಗ್ಗೆ ಮರುಕದ ಮಾತು ಧಾರಾಳವಾಗಿ ಕೇಳುತ್ತದೆ, ದುರ್ಬಲತೆಯ ಲೆಕ್ಕ ಕೇಳುವವರು ವಿರಳ.

ಹಾಗಾದರೆ ನಾಟಿ ರಾಗಿಗೇ ಮರಳೋಣ ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು, ಪರಿಹಾರ ಮಾತ್ರ ಸರಿಯಿಲ್ಲ. ಮಳೆ ನಂಬಿದ ಎರಡು ಎಕರೆಯ ಕುಟುಂಬ ಹೆಚ್ಚು ಇಳುವರಿಯ, ರೋಗ ತಡೆಯುವ ರಾಗಿಯನ್ನು ತಾನಾಗಿಯೇ ಆರಿಸಿಕೊಂಡಿತು, ಯಾರೂ ಬಲವಂತ ಮಾಡಲಿಲ್ಲ. ಊರಿಗೆಲ್ಲ ಬೇಕಾದ ವೈವಿಧ್ಯವನ್ನು ಕಾಯುವ ಭಾರವನ್ನು ಆ ಬಡ ಮನೆಯ ಮೇಲೆ ಹೊರಿಸಿ ಕಡಿಮೆ ಇಳುವರಿಯ ನಷ್ಟವನ್ನೂ ಅದೇ ತಿನ್ನಲಿ ಎನ್ನುವುದು ನ್ಯಾಯವಲ್ಲ. ನಾಟಿ ತಳಿ ಬೆಳೆಯುವವರಿಗೆ ಆ ಸೇವೆಗೆ ತಕ್ಕ ಹಣ ಸಿಗಬೇಕು, ಉಳಿದವರು ಸುಧಾರಿತ ತಳಿಯನ್ನೇ ಬೆಳೆಯಲಿ. ಹೊಲದ ವೈವಿಧ್ಯವನ್ನು ರಾಗಿಯೊಳಗೆ ಮಾತ್ರ ಹುಡುಕುವುದೂ ತಪ್ಪು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ಅಕ್ಕಡಿ ಸಾಲು ಸುಧಾರಿತ ತಳಿಯ ಜೊತೆಗೂ ಚೆನ್ನಾಗಿಯೇ ನಡೆಯುತ್ತದೆ.

ಇನ್ನೊಂದು ವಾದ ಹೆಚ್ಚು ಗಟ್ಟಿಯಾದದ್ದು. ಬೀಜ ಬ್ಯಾಂಕ್ ಇದೆಯಲ್ಲ, ಮೈನಸ್ 18 ಡಿಗ್ರಿಯ ಶೀತಕೋಣೆಯಲ್ಲಿ ಎಲ್ಲವೂ ಭದ್ರವಾಗಿರುವಾಗ ಚಿಂತೆ ಯಾಕೆ ಎಂಬುದು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್‌ನಲ್ಲಿ ಸಾವಿರಾರು ರಾಗಿ ಮಾದರಿಗಳಿವೆ. ಅವುಗಳಲ್ಲಿ 5,940 ಮಾದರಿಗಳನ್ನು ಅಳೆದು, ಒಟ್ಟು ವೈವಿಧ್ಯದ ಬಹುಪಾಲನ್ನು ಪ್ರತಿನಿಧಿಸುವ 622ರ ಸಾರಸಂಗ್ರಹ ಮಾಡಿದ್ದಾರೆ, ಅದನ್ನು ಮತ್ತೆ ಸೋಸಿ 80ಕ್ಕೆ ಇಳಿಸಿದ್ದಾರೆ. ವಿಜ್ಞಾನಿ ಒಂದು ಹಂಗಾಮಿನಲ್ಲಿ ಪರೀಕ್ಷಿಸಬಲ್ಲಷ್ಟು ಚಿಕ್ಕ ಗುಂಪು ಅದು, ಅತ್ಯಂತ ಬುದ್ಧಿವಂತಿಕೆಯ ಕೆಲಸ. ಬ್ಯಾಂಕಿನ ಉಪಕಾರವನ್ನು ಭತ್ತ ಬೆಳೆಯುವ ಏಷ್ಯಾ ಮರೆಯಬಾರದು. 1970ರ ದಶಕದಲ್ಲಿ ಗ್ರಾಸಿ ಸ್ಟಂಟ್ ವೈರಸ್ ಭತ್ತವನ್ನು ಕಾಡಿದಾಗ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸಾವಿರಾರು ಮಾದರಿಗಳನ್ನು ಜಾಲಾಡಿದರು. ಕೊನೆಗೆ ಕೈಹಿಡಿದದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಒರೈಜಾ ನಿವಾರ ಎಂಬ ಕಾಡುಭತ್ತದ ಒಂದೇ ಮಾದರಿ. ಅದರಿಂದ ಐಆರ್-36 ಬಂತು. ಆದರೆ ಗಮನಿಸಿ, ಆ ಮಾದರಿಯಲ್ಲೂ ಎಲ್ಲ ಗಿಡಗಳಿಗೆ ಆ ಶಕ್ತಿ ಇರಲಿಲ್ಲ, ಕೆಲವಕ್ಕಷ್ಟೇ ಇತ್ತು. ಸಂಗ್ರಹಕಾರರು ಇನ್ನೊಂದು ಹಿಡಿ ಬೀಜ ಕಡಿಮೆ ತಂದಿದ್ದರೆ ಅದು ತಪ್ಪಿಹೋಗಬಹುದಿತ್ತು. ಬ್ಯಾಂಕಿನಲ್ಲಿರುವುದು ಯಾವತ್ತೂ ಒಂದು ದಿನ, ಒಂದು ಹೊಲದಿಂದ ತಂದ ಹಿಡಿ. ಅದನ್ನು ಶೀತಕೋಣೆಯಲ್ಲಿಟ್ಟ ದಿನದಿಂದ ಬೀಜ ನಿಂತಲ್ಲೇ ನಿಲ್ಲುತ್ತದೆ, ಹೊರಗೆ ಶಿಲೀಂಧ್ರ ನಿಲ್ಲುವುದಿಲ್ಲ, ಮಳೆಯ ಕ್ರಮವೂ ನಿಲ್ಲುವುದಿಲ್ಲ. ಅದಕ್ಕೇ ಬ್ಯಾಂಕಿನ ಜೊತೆ ಹೊಲವೂ ಬೇಕು. ಜೀನ್ ತಿದ್ದುವ ಹೊಸ ತಂತ್ರ ಬಂದಿದೆ, ವೈವಿಧ್ಯವನ್ನು ಪ್ರಯೋಗಾಲಯದಲ್ಲೇ ಮಾಡಿಕೊಳ್ಳಬಹುದು ಎನ್ನುವ ಮಾತಿಗೆ ಉತ್ತರ ಚಿಕ್ಕದು: ಯಾವ ಅಕ್ಷರವನ್ನು ಯಾವುದಕ್ಕೆ ತಿದ್ದಬೇಕೆಂದು ತಿಳಿಯುವುದು ಬಹುಮಟ್ಟಿಗೆ ಅಂಥ ಗುಣವಿರುವ ಗಿಡ ಎಲ್ಲೋ ಇದ್ದಾಗ ಮಾತ್ರ.

ಹಾಗಾಗಿ ನನ್ನ ಬೇಡಿಕೆ ಸರಳವಾದದ್ದು. ಬೀಜದ ಚೀಲದ ಮೇಲೆ ಮೊಳಕೆ ಪ್ರಮಾಣ, ಶುದ್ಧತೆಗಳ ಜೊತೆ ತಳಿಯ ವಂಶಾವಳಿಯೂ ಅಚ್ಚಾಗಲಿ. ಒಂದು ಹೋಬಳಿಗೆ ಬೀಜ ಹಂಚುವ ಅಧಿಕಾರಿ ಹೆಸರು ಬೇರೆಯಾದ ಎರಡು ತಳಿಗಳ ಬದಲು ಹಿರಿಯರೇ ಬೇರೆಯಾದ ಎರಡು ತಳಿಗಳನ್ನು ತರಿಸಲಿ. ಇಷ್ಟು ವಿವರ ರೈತರಿಗೆ ಯಾಕೆ ಎಂದರೆ, ಸಾಲದ ಬಡ್ಡಿಯನ್ನೂ ಮಳೆ ನಕ್ಷತ್ರವನ್ನೂ ಲೆಕ್ಕ ಹಾಕುವವರಿಗೆ ಮೂರು ಹೆಸರಿನ ವಂಶಾವಳಿ ಭಾರವಾಗದು. ಕಂಪನಿಗಳು ಇದು ವ್ಯಾಪಾರದ ಗುಟ್ಟು ಎನ್ನುತ್ತವೆ. ಆ ಮಾತನ್ನು ಅರ್ಧ ಒಪ್ಪಬಹುದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 18ನೇ ಸೆಕ್ಷನ್ ಪ್ರಕಾರ ತಳಿ ನೋಂದಣಿಗೆ ಅರ್ಜಿ ಹಾಕುವವರು ಮೂಲ ವಂಶಗಳ ಪೂರ್ಣ ವಿವರವನ್ನೂ ಅವನ್ನು ಎಲ್ಲಿಂದ ಪಡೆದರೆಂಬುದನ್ನೂ ಪ್ರಾಧಿಕಾರಕ್ಕೆ ಕೊಡಲೇಬೇಕು. ಗ್ರಾಮೀಣ ಮತ್ತು ಆದಿವಾಸಿ ಕುಟುಂಬಗಳು ಉಳಿಸಿದ ಬೀಜ ಬಳಸಿದ್ದರೆ ಅದನ್ನೂ ಹೇಳಬೇಕೆಂದು 40ನೇ ಸೆಕ್ಷನ್ ಕೇಳುತ್ತದೆ. ಖಾಸಗಿ ಹೈಬ್ರಿಡ್‌ಗಳ ವಿಷಯದಲ್ಲಿ ತಾಯಿ ಸಾಲಿನ ಹೆಸರು ಹೇಳದಿದ್ದರೂ ಕೋಶದ್ರವ್ಯ ಯಾವ ಮೂಲದ್ದು, ರೋಗನಿರೋಧ ಯಾವ ಮೂಲದ್ದು ಎಂದು ಚೀಲದ ಮೇಲೆ ತಿಳಿಸಿದರೆ ಯಾರ ಗುಟ್ಟೂ ಬಯಲಾಗದು. ರಾಗಿಯಲ್ಲಂತೂ ಈ ತಕರಾರಿಗೆ ಜಾಗವೇ ಇಲ್ಲ. ನಮ್ಮ ರಾಗಿ ತಳಿಗಳು ಬಹುತೇಕ ಕೃಷಿ ವಿಶ್ವವಿದ್ಯಾಲಯಗಳದ್ದು, ಸಾರ್ವಜನಿಕ ಹಣದಲ್ಲಿ ಹುಟ್ಟಿದವು, ವಂಶಾವಳಿಗಳು ಅಚ್ಚಾದ ವರದಿಗಳಲ್ಲಿ ಎಂದೋ ಬಂದಿವೆ. ಮುಂದಿನ ಮುಂಗಾರಿಗೆ ಜಿಪಿಯು-28ರ ಚೀಲದ ಮೇಲೆ ಇಂಡಾಫ್-5, ಇಂಡಾಫ್-9, ಐಇ-1012 ಎಂಬ ಮೂರು ಹೆಸರು ಸೇರಿಸಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ.