ಸ್ಥೌಲ್ಯವೂ ಗಲಗಂಡವೂ: ಒಂದು ಕಾರ್ಯಕಾರಣ ವಿಮರ್ಶೆ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿಗೆ ಸೇರಿದ ಅಂದೋಲಾದಲ್ಲಿ ಹತ್ತು ವರ್ಷದ ಬಾಲಕನೊಬ್ಬನು ವಯಸ್ಸಿಗೆ ಮೀರಿ ದಪ್ಪನಾದನೆಂದೂ, ಅವನ ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಎಂಬುದು ತುಸು ಹೆಚ್ಚಾಗಿ ಕಂಡುಬಂದಿತೆಂದೂ ಭಾವಿಸಿದರೆ, ಥೈರಾಯ್ಡಿನ ದೋಷದಿಂದಲೇ ಮಗು ದಪ್ಪನಾಯಿತೆಂಬ ತೀರ್ಮಾನವು ಮನೆಯಲ್ಲಿ ಒಡನೆಯೇ ಹುಟ್ಟುವುದು ಸಹಜ. ಇದರಿಂದ ತಾಯಿತಂದೆಗಳಿಗೆ ಸಮಾಧಾನವೂ ಉಂಟು. ದೋಷವು ಗ್ರಂಥಿಯದಾದ ಮೇಲೆ ಆಹಾರವಿಹಾರಗಳ ವಿಚಾರವೇಕೆ? ಆದರೆ ಈ ತರ್ಕವು ನಿಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ಪ್ರಾಚೀನಾಧಾರವನ್ನು ಅರಸುವವರಿಗೆ ಮೊದಲು ದೊರೆಯುವುದು ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯ. ಅಲ್ಲಿ ಗಲಗಂಡವು ವಾತಜ, ಕಫಜ, ಮೇದೋಜವೆಂದು ಮೂರು ಬಗೆಯಾಗಿದೆ. ಮೇದಸ್ಸಿಗೂ ಕೊರಳಿಗೂ ಸಂಬಂಧವನ್ನು ಹೇಳಿರುವುದರಿಂದ ಗ್ರಂಥಿದೋಷವೇ ಸ್ಥೌಲ್ಯಕ್ಕೆ ಹೇತುವೆಂದು ಋಷಿಗಳಿಗೆ ತಿಳಿದಿತ್ತೆಂದು ವಾದಿಸಲು ಇದು ಅನುಕೂಲವಾಗಿ ತೋರಬಹುದು. ಆದರೆ ‘ಮೇದೋಜ’ ಎಂಬ ಪದವೇ ಈ ವಾದಕ್ಕೆ ಬಾಧಕ. ಮೇದಸ್ಸಿನಿಂದ ಹುಟ್ಟಿದ್ದು ಗಲಗಂಡ. ಗಲಗಂಡದಿಂದ ಹುಟ್ಟಿದ್ದು ಮೇದಸ್ಸಲ್ಲ. ಅದು ದೇಹವು ಬೆಳೆದಂತೆ ಬೆಳೆದು, ಕುಗ್ಗಿದಂತೆ ಕುಗ್ಗುವುದೆಂದೂ ಅಲ್ಲಿ ಹೇಳಿದೆ. ಸ್ಥೌಲ್ಯದ ಹೇತುಗಳನ್ನಾದರೋ ಚರಕನು ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಬೇರೆಯಾಗಿಯೇ ಎಣಿಸಿದ್ದಾನೆ: ಅತಿಭೋಜನ, ಗುರುಮಧುರಾದಿ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ, ಬೀಜಸ್ವಭಾವ ಇತ್ಯಾದಿ. ಕೊರಳಿನ ರೋಗಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಆಧುನಿಕ ವೈದ್ಯರ ಪರೀಕ್ಷೆಯೂ ಕ್ರಮವನ್ನು ಹೀಗೆಯೇ ತೋರಿಸುತ್ತದೆ. ಟಿ.ಎಸ್.ಎಚ್. ಎಂಬುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹುವ ಪ್ರೇರಕದ್ರವ್ಯ. ದಪ್ಪನಾದ ಮಕ್ಕಳಲ್ಲಿ ಇದು ತುಸು ಹೆಚ್ಚಿರುವುದುಂಟು. ಆದರೆ ಥೈರಾಯ್ಡಿನದೇ ರಸವಾದ ಟಿ-4 ಸಾಮಾನ್ಯವಾಗಿ ಸರಿಯಾಗಿರುತ್ತದೆ. ಮೇದಸ್ಸಿನಿಂದ ಹೊರಡುವ, 1994ರಲ್ಲಿ ಗುರುತಿಸಲ್ಪಟ್ಟ ಲೆಪ್ಟಿನ್ ಎಂಬ ದ್ರವ್ಯದ ಪ್ರೇರಣೆಯೂ ಈ ಏರಿಕೆಗೆ ಒಂದು ಕಾರಣವೆಂದು ಎಣಿಸಲಾಗಿದೆ. ತೂಕವು ಇಳಿದರೆ ಟಿ.ಎಸ್.ಎಚ್. ಸಹ ಬಹುಮಟ್ಟಿಗೆ ಇಳಿಯುತ್ತದೆ. ಕಾರ್ಯವನ್ನೇ ಕಾರಣವೆಂದು ಬಗೆದು ಥೈರಾಕ್ಸಿನ್ ಕೊಟ್ಟರೆ ಸ್ಥೌಲ್ಯವು ಹೋಗದು. ಮಾತ್ರೆ ಮೀರಿದರೆ ಎದೆಬಡಿತವೇ ಹೆಚ್ಚೀತು.

ಹೀಗೆಂದು ಸುಶ್ರುತನಿಗೆ ಟಿ.ಎಸ್.ಎಚ್. ತಿಳಿದಿತ್ತೆಂದು ಸಾರುವುದೂ ಸಾಹಸವೇ. ಅವನು ಕಂಡದ್ದು ಕೊರಳಿನ ಊತ. ಇಂದಿನವರು ಅಳೆಯುವುದು ರಕ್ತದ ಅಂಶ. ಸಾದೃಶ್ಯವು ಕ್ರಮದಲ್ಲಿ ಮಾತ್ರವಲ್ಲದೆ ವಸ್ತುವಿನಲ್ಲಿ ಅಲ್ಲ.

ಹಾಗಾದರೆ ಗ್ರಂಥಿಯ ಮಾಂದ್ಯವು ಮಕ್ಕಳಿಗೆ ಬರುವುದೇ ಇಲ್ಲವೇ ಎಂದರೆ, ಬರುತ್ತದೆ. ಅದನ್ನು ಉಪೇಕ್ಷಿಸುವುದು ಇನ್ನೂ ದೊಡ್ಡ ಪ್ರಮಾದ. ಅದರ ಮುಖ್ಯಲಕ್ಷಣವು ದಪ್ಪವಲ್ಲ, ಎತ್ತರದ ಕುಂಠನ. ತಿಂದು ದಪ್ಪನಾದ ಮಗು ಪ್ರಾಯಶಃ ಸಮವಯಸ್ಕರಿಗಿಂತ ಎತ್ತರವಾಗಿಯೇ ಇರುತ್ತದೆ. ಗ್ರಂಥಿಮಾಂದ್ಯವುಳ್ಳ ಮಗುವಿನ ಬೆಳವಣಿಗೆ ನಿಂತುಹೋಗುತ್ತದೆ. ಟಿ-4 ಕುಗ್ಗಿದ್ದರೆ, ಕೊರಳು ಊದಿದ್ದರೆ, ಎತ್ತರವು ನಿಂತಿದ್ದರೆ ವೈದ್ಯನ ಚಿಕಿತ್ಸೆಯು ಅವಶ್ಯಕ. ಅಲ್ಲಿ ವಿಳಂಬವು ಸಲ್ಲದು.

ಆದುದರಿಂದ ಅಂದೋಲಾದ ಆ ತಾಯಿಯು ಪರೀಕ್ಷಾಪತ್ರದ ಒಂದು ಅಂಕಿಗಿಂತ ಮೊದಲು ನೋಡತಕ್ಕದ್ದು ಮನೆಯ ಗೋಡೆಯ ಮೇಲೆ ವರ್ಷವರ್ಷವೂ ಗೀಚಿದ ಎತ್ತರದ ಗೆರೆ. ಗೆರೆಯು ಏರುತ್ತಿದ್ದರೆ ಬಾಲಕನ ತಟ್ಟೆಯನ್ನೂ ಆಟವನ್ನೂ ವಿಚಾರಿಸಲಿ. ಏರದಿದ್ದರೆ ತಡಮಾಡದೆ ವೈದ್ಯನಲ್ಲಿಗೆ ಕರೆದೊಯ್ಯಲಿ.