ಉಗುರಿನ ತಾಳ

ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ 1980ರ ಹಾಡು ‘ನೈನ್ ಟು ಫೈವ್’ಗೆ ಒಮ್ಮೆ ಕಿವಿಗೊಟ್ಟು ನೋಡಿ. ಟೈಪ್‌ರೈಟರ್ ಕುಟ್ಟಿದಂಥ ಟಿಕಟಿಕ ಸದ್ದು ಅವರ ಉದ್ದನೆಯ ಕೃತಕ ಉಗುರುಗಳದ್ದು! ಒಂದಕ್ಕೊಂದು ಉಜ್ಜಿ ತಾಳ ಹಾಕಿದ್ದಾರೆ.

ನನಗೆ ಅದಕ್ಕಿಂತ ಪ್ರಿಯವಾದದ್ದು ಅವರದೇ ‘ಕೋಟ್ ಆಫ್ ಮೆನಿ ಕಲರ್ಸ್’. ಟೆನೆಸ್ಸಿಯ ಸ್ಮೋಕಿ ಬೆಟ್ಟಗಳ ಬಡಮನೆಯಲ್ಲಿ ಹನ್ನೆರಡು ಮಕ್ಕಳನ್ನು ಹೆತ್ತ ಡಾಲಿಯ ತಾಯಿ ಮಗಳಿಗಾಗಿ ಬಟ್ಟೆಯ ಚೂರುಗಳನ್ನು ಕೌದಿಯಂತೆ ಜೋಡಿಸಿ ಹೊಲಿದ ಕೋಟಿನ ಕತೆ ಅದು. ಹೊಲಿಯುತ್ತಲೇ ಬೈಬಲ್ಲಿನ ಬಣ್ಣಬಣ್ಣದ ಅಂಗಿಯ ಯೋಸೇಫನ ಕತೆ ಹೇಳಿದರಂತೆ. ಪ್ರವಾಸದ ಬಸ್ಸಿನಲ್ಲಿ, ಡ್ರೈಕ್ಲೀನಿಂಗ್ ರಸೀದಿಯ ಬೆನ್ನಿಗೆ ಗೀಚಿದ ಹಾಡು. ಅದರಲ್ಲಿ ಬಡತನವಿದೆ, ಗೋಳಾಟವಿಲ್ಲ. ಗಿಟಾರ್ ಹಿಂದೆ ಸರಿದು ಕತೆಗೆ ದಾರಿ ಬಿಡುತ್ತದೆ. ದನಿಯಲ್ಲಿ ಬೆಟ್ಟದ ಸೀಮೆಯ ಎಳೆತ ಹಾಗೇ ಉಳಿದಿದೆ, ಪುಣ್ಯಕ್ಕೆ ಅದನ್ನು ಯಾರೂ ತಿದ್ದಲಿಲ್ಲ. 1994ರಲ್ಲಿ ಅದೇ ಹಾಡು ಮಕ್ಕಳ ಚಿತ್ರಪುಸ್ತಕವೂ ಆಯಿತು.

ಡಾಲಿಯ ತಂದೆಗೆ ಓದುಬರಹ ಬರುತ್ತಿರಲಿಲ್ಲ. ಅದನ್ನು ನೆನೆದೇ 1995ರಲ್ಲಿ ತಾವು ಹುಟ್ಟಿದ ಸೆವಿಯರ್ ಕೌಂಟಿಯಲ್ಲಿ ‘ಇಮ್ಯಾಜಿನೇಷನ್ ಲೈಬ್ರರಿ’ ಆರಂಭಿಸಿದರು. ಐದು ವರ್ಷ ತುಂಬುವವರೆಗೆ ತಿಂಗಳಿಗೊಂದು ಪುಸ್ತಕ, ಮಗುವಿನ ಹೆಸರಿಗೇ, ಅಂಚೆಯಲ್ಲಿ, ಉಚಿತವಾಗಿ. ಮಕ್ಕಳು ಅವರನ್ನು ‘ಬುಕ್ ಲೇಡಿ’ ಎನ್ನತೊಡಗಿದಾಗ ಅಪ್ಪ ಹಿರಿಹಿರಿ ಹಿಗ್ಗಿದರಂತೆ.