ಭಾಷೆ ಬರಿಯ ವಾಹಕವೇ? – ಯುನೆಸ್ಕೋ ಒಡಂಬಡಿಕೆಯ ಒಂದು ಓದು

2003ನೆಯ ಇಸವಿಯ ಅಕ್ಟೋಬರ್ 17ರಂದು ಪ್ಯಾರಿಸ್ ನಗರದಲ್ಲಿ ಸೇರಿದ್ದ ಯುನೆಸ್ಕೋ ಮಹಾಧಿವೇಶನವು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆಗಾಗಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2005ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. 2006ರ ಏಪ್ರಿಲ್ 20ರಿಂದ ಅದು ಜಾರಿಗೆ ಬಂದಿತು. ಗುಡಿ, ಕೋಟೆ, ಸ್ಮಾರಕಗಳನ್ನು ಕಾಯಲು 1972ರಷ್ಟು ಹಿಂದೆಯೇ ಇನ್ನೊಂದು ಒಡಂಬಡಿಕೆ ಆಗಿತ್ತು. ಹಾಡು, ಕುಣಿತ, ಕಥೆ, ಕೈಕಸುಬುಗಳಿಗೆ ಅಂಥ ಆಸರೆ ದೊರೆಯಲು ಮೂರು ದಶಕಗಳು ಹಿಡಿದವು. ಕಲ್ಲು ಕಾಣುತ್ತದೆ, ಆದ್ದರಿಂದ ಅದು ಬಿರುಕು ಬಿಟ್ಟಾಗ ತಿಳಿಯುತ್ತದೆ. ಮನುಷ್ಯನ ನೆನಪಿನಲ್ಲಿಯೂ ನಾಲಗೆಯಲ್ಲಿಯೂ ಇರುವುದು ಅಳಿದರೆ ಸದ್ದೇ ಆಗುವುದಿಲ್ಲ.

ಬಹುಕಾಲ ಪಾಠ ಹೇಳಿದವರಿಗೆ ಯಾವ ಬರಹವನ್ನಾದರೂ ಪದ ಹಿಡಿದು ಓದುವ ಅಭ್ಯಾಸ ಬಿಡದು. ಈ ಒಡಂಬಡಿಕೆಯನ್ನೂ ನಾವು ಹಾಗೆಯೇ ಓದಿದೆವು. ಮೆಚ್ಚತಕ್ಕ ಮಾತುಗಳು ಅದರಲ್ಲಿವೆ. ಸಮುದಾಯವು ತನ್ನದೆಂದು ಗುರುತಿಸಿದುದೇ ಪರಂಪರೆ ಎನ್ನುತ್ತದೆ ಅದು. ಆ ಮಾನವನ್ನು ಮೊದಲು ಆಡುವವರಿಗೂ ಹಾಡುವವರಿಗೂ ಕೊಡುತ್ತದೆ. ಪ್ರತಿಯೊಂದು ತಲೆಮಾರೂ ಪರಂಪರೆಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಒಪ್ಪುತ್ತದೆ. ಸಂರಕ್ಷಣೆಯೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಲ್ಲ, ಬಾಳುವ ಶಕ್ತಿಯನ್ನು ಉಳಿಸುವುದು. ಶಾಲೆಯಲ್ಲಿಯೂ ಶಾಲೆಯ ಹೊರಗೂ ಕಲಿಸುವುದು ಅದರ ಭಾಗವೆಂದು ಹೇಳುತ್ತದೆ. ಮೇಷ್ಟರಾಗಿದ್ದವರಿಗೆ ಇದಕ್ಕಿಂತ ಪ್ರಿಯವಾದ ಮಾತು ಬೇರೆ ಯಾವುದಿದ್ದೀತು?

ಆದರೆ ಅದೇ ಎರಡನೆಯ ವಿಧಿಯಲ್ಲಿ ಒಂದು ಪದದ ಬಳಿ ನಾವು ನಿಂತುಬಿಟ್ಟೆವು. ಪರಂಪರೆಯ ಐದು ಕ್ಷೇತ್ರಗಳನ್ನು ಎಣಿಸುವಲ್ಲಿ ಮೊದಲನೆಯದು ಮೌಖಿಕ ಪರಂಪರೆ. ಭಾಷೆಗೂ ಅಲ್ಲಿ ಸ್ಥಾನವುಂಟು. ಆದರೆ ಪರಂಪರೆಯ ವಾಹಕವಾಗಿ ಮಾತ್ರ. ಅಂದರೆ ಹೊತ್ತು ತರುವ ಗಾಡಿ ಭಾಷೆ, ಗಾಡಿಯಲ್ಲಿರುವ ಸರಕು ಪರಂಪರೆ. ಭಾಷೆಯನ್ನು ಭಾಷೆಯಾಗಿಯೇ ಕಾಯುವ ಹೊಣೆಯನ್ನು ಒಡಂಬಡಿಕೆ ಹೊರಲಿಲ್ಲ. ರಾಷ್ಟ್ರಗಳೆಲ್ಲ ಒಪ್ಪಬೇಕಾದ ಬರಹದಲ್ಲಿ ಈ ಎಚ್ಚರಿಕೆ ಸಹಜವೇ ಇರಬಹುದು. ಭಾಷೆಯ ಮಾತೆತ್ತಿದರೆ ಶಾಲೆ, ಕಚೇರಿ, ಗಡಿ ಎಲ್ಲವೂ ಹಿಂದೆಯೇ ಬರುತ್ತವೆ. ಆದರೂ ಸರಕನ್ನು ಗಾಡಿಯಿಂದ ಇಳಿಸಿ ಬೇರೆಯಾಗಿ ಇಡಬಹುದೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಒಡಂಬಡಿಕೆಗೆ ಮುನ್ನ, 2001ರಲ್ಲಿ, ಯುನೆಸ್ಕೋ ಜಗತ್ತಿನ 19 ಪರಂಪರೆಗಳನ್ನು ಮಾನವಕುಲದ ಮೇರುಕೃತಿಗಳೆಂದು ಸಾರಿತ್ತು. 2008ರಲ್ಲಿ ಅವು ಒಡಂಬಡಿಕೆಯ ಪಟ್ಟಿಯಲ್ಲಿ ಸೇರಿಕೊಂಡವು. ಆ 19ರಲ್ಲಿ ಎರಡನ್ನು ನೋಡಿದರೆ ನಮ್ಮ ಸಂದೇಹ ಸ್ಪಷ್ಟವಾದೀತು.

ಮೊದಲನೆಯದು ಮೊರಾಕ್ಕೊ ದೇಶದ ಮರ್ರಾಕೇಶ್ ಊರಿನ ಜಮಾ ಎಲ್ ಫನಾ ಎಂಬ ಚೌಕ. ಕಥೆಗಾರರು, ಹಾಡುಗಾರರು, ಹಾವಾಡಿಗರು ಸುತ್ತಲೂ ಜನರನ್ನು ಸೇರಿಸಿಕೊಂಡು ತಮ್ಮ ತಮ್ಮ ವಿದ್ಯೆಯನ್ನು ತೋರಿಸುವ ಬಯಲು ಅದು. ಆ ಊರಿನಲ್ಲಿ ನೆಲೆಸಿದ್ದ ಸ್ಪೇನಿನ ಲೇಖಕ ಹ್ವಾನ್ ಗೊಯ್ತಿಸೋಲೊ ಅದರ ಪರವಾಗಿ ದನಿಯೆತ್ತಿದರು. 1997ರಲ್ಲಿ ಅಲ್ಲಿಯೇ ನಡೆದ ತಜ್ಞರ ಸಭೆ ಮುಂದಿನ ಕೆಲಸಕ್ಕೆಲ್ಲ ನಾಂದಿಯಾಯಿತು. ಇಂದು ಚೌಕ ಉಳಿದಿದೆ, ಪ್ರವಾಸಿಗರು ತುಂಬಿದ್ದಾರೆ. ಆದರೆ ಕಥೆಗಾರರು ವಿರಳವಾಗಿದ್ದಾರೆ. ಹಾವಾಡಿಗನನ್ನು ನೋಡಲು ಭಾಷೆ ಬೇಡ. ಕಥೆ ಕೇಳಲು ಅರಬ್ಬಿ ಬೇಕು, ಕೂತು ಕೇಳುವ ಹೊತ್ತೂ ಬೇಕು. ಯಾವ ವಿದ್ಯೆಗಾಗಿ ಚೌಕಕ್ಕೆ ಕೀರ್ತಿ ಬಂದಿತೋ ಅದೇ ಮೊದಲು ಸೊರಗಿತು.

ಎರಡನೆಯದು ನಮ್ಮ ಕೇರಳದ್ದೇ ಆದ ಕೂಡಿಯಾಟ್ಟಂ. ದೇವಾಲಯದ ಕೂತ್ತಂಬಲದಲ್ಲಿ ಚಾಕ್ಯಾರರೂ ನಂಗ್ಯಾರರೂ ಮಿಳಾವಿನ ನಾದಕ್ಕೆ ಆಡುವ ಸಂಸ್ಕೃತ ನಾಟಕ. ಪಟ್ಟಿಯೇ ಅದನ್ನು ಉಳಿಸಿತೆಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಪೈಂಕುಳಂ ರಾಮ ಚಾಕ್ಯಾರರು ಕಲೆಯನ್ನು ದೇವಾಲಯದ ಹೊರಗೆ ತಂದರು. 1965ರಲ್ಲಿ ಅವರ ಮುಂದಾಳುತನದಲ್ಲಿಯೇ ಕಲಾಮಂಡಲದಲ್ಲಿ ಕೂಡಿಯಾಟ್ಟಂ ಶಿಕ್ಷಣ ಆರಂಭವಾಗಿ, ಆ ಕುಲಗಳಲ್ಲಿ ಹುಟ್ಟದವರಿಗೂ ಬಾಗಿಲು ತೆರೆಯಿತು. ಪ್ಯಾರಿಸಿನ ಮನ್ನಣೆ ಬಂದುದು ಅದಾದ 36 ವರ್ಷಗಳ ಮೇಲೆ. ಮನ್ನಣೆಯಿಂದ ನೆರವು ದೊರೆಯಿತು, ತಿರುವನಂತಪುರದಲ್ಲಿ ಸಂಗೀತ ನಾಟಕ ಅಕಾಡೆಮಿಯ ಕೇಂದ್ರವೂ ಆಯಿತು. ಆದರೆ ಬೇರಿಗೆ ನೀರೆರೆದವರು ಅದಕ್ಕೂ ಮೊದಲಿನವರು.

ಕೂಡಿಯಾಟ್ಟದಲ್ಲಿ ಇನ್ನೊಂದು ವಿಶೇಷವುಂಟು. ನಾಯಕನ ಸಂಸ್ಕೃತ ಶ್ಲೋಕವನ್ನು ವಿದೂಷಕನು ಮಲಯಾಳದಲ್ಲಿ ಬಿಡಿಸಿ ಹೇಳುತ್ತಾನೆ, ಅಣಕದ ಶ್ಲೋಕ ಕಟ್ಟುತ್ತಾನೆ, ಎದುರಿಗೆ ಕುಳಿತ ದೊಡ್ಡವರನ್ನೂ ಬಿಡದೆ ಹಾಸ್ಯ ಮಾಡುತ್ತಾನೆ. ಸಂಸ್ಕೃತ ನಾಟಕವು ಮಲಯಾಳ ನೆಲದಲ್ಲಿ ಶತಮಾನಗಳ ಕಾಲ ಬಾಳಿದುದಕ್ಕೆ ಆ ಜೀವಂತ ಮಾತೂ ಕಾರಣವೆಂದು ನಮ್ಮ ಮತ. ಆದರೆ ದೂರದೇಶದ ವೇದಿಕೆಗೆ ಒಂದೆರಡು ಗಂಟೆಯ ಪ್ರದರ್ಶನವಾಗಿ ಒಯ್ಯಲು ಸುಲಭವಾದುದು ಕಣ್ಣಿನ ಅಭಿನಯವೇ ಹೊರತು ವಿದೂಷಕನ ಮಾತಲ್ಲ. ಮನ್ನಣೆಯ ಕಣ್ಣಿಗೆ ಬೀಳುವುದು ಬಣ್ಣ. ಕಿವಿಗೆ ಬೀಳಬೇಕಾದುದು ಹಿಂದೆ ಸರಿಯುತ್ತದೆ.

ಇಷ್ಟು ದೂರ ಸುತ್ತಿ ಬಂದುದು ನಮ್ಮ ಕಾಸರಗೋಡಿನ ಅಂಗಳಕ್ಕಾಗಿ. ಯಕ್ಷಗಾನವು ಆ ಪಟ್ಟಿಯಲ್ಲಿ ಇಲ್ಲ. ಸೇರಬೇಕೆಂಬ ಕೂಗು ಆಗಾಗ ಏಳುತ್ತದೆ. ಸೇರಿದರೆ ನಮಗೂ ಸಂತೋಷವೇ. ಆದರೆ ನಾಮನಿರ್ದೇಶನ ಮಾಡಬೇಕಾದುದು ರಾಷ್ಟ್ರದ ಸರಕಾರ. ರಾಜ್ಯಗಳು ತಮ್ಮ ತಮ್ಮ ಕಲೆಗಳನ್ನು ಮುಂದಿಡುವಾಗ ಕೇರಳಕ್ಕೆ ಯಕ್ಷಗಾನ ಅಂಚಿನದು, ಕರ್ನಾಟಕಕ್ಕೆ ಕಾಸರಗೋಡು ಅಂಚಿನದು. ಪಾರ್ತಿಸುಬ್ಬನ ಕುಂಬಳೆ ನಮ್ಮದು. ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ನೆಲ ನಮ್ಮದು. ಎಡನೀರಿನ ಹಿಂದಿನ ಸ್ವಾಮಿಗಳಾದ ಕೇಶವಾನಂದ ಭಾರತಿಯವರು ಸ್ವತಃ ಭಾಗವತಿಕೆ ಮಾಡಿದ ಮಠ ನಮ್ಮಲ್ಲಿದೆ. ಹೀಗಿದ್ದೂ 1956ರ ಗೆರೆಯಿಂದಾಗಿ ನಾವು ಎರಡು ಕಡೆಗೂ ಅಡಿಟಿಪ್ಪಣಿಯಾದೆವು.

ಅದಕ್ಕಿಂತ ದೊಡ್ಡ ಆತಂಕ ತಾಳಮದ್ದಳೆಯದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದೊಡನೆ ಅರ್ಥಧಾರಿಯು ಅಲ್ಲಿಯೇ ಕನ್ನಡದಲ್ಲಿ ಮಾತು ಕಟ್ಟಬೇಕು. ಎದುರಾಳಿ ಹೇಳಿದುದಕ್ಕೆ ಅಲ್ಲಿಯೇ ಉತ್ತರ ಕೊಡಬೇಕು. ಬರೆದಿಟ್ಟ ಪಾಠವಿಲ್ಲ. ಇಲ್ಲಿ ಗಾಡಿಯೂ ಕನ್ನಡ, ಸರಕೂ ಕನ್ನಡ. ನಾವು ಹುಡುಗರಾಗಿದ್ದಾಗ ವಾಲಿವಧೆಯ ಕೂಟ ಮುಗಿದ ಮರುದಿನ, ಸಹಿ ಹಾಕಲು ಬಾರದ ಒಬ್ಬ ಅಜ್ಜ ತೋಟದಲ್ಲಿ ಅಡಕೆ ಹೆಕ್ಕುತ್ತ, ವಾಲಿಯ ಪ್ರಶ್ನೆಗೆ ರಾಮ ಕೊಟ್ಟ ಉತ್ತರ ಸಾಲದೆಂದು ವಾದಿಸುತ್ತಿದ್ದರು. ಅಂಥ ಕೇಳುಗರಿದ್ದುದರಿಂದಲೇ ಅಂಥ ಅರ್ಥಧಾರಿಗಳು ಬೆಳೆದರು.

ಈಗಿನ ಸ್ಥಿತಿಗೆ ಪರರನ್ನಷ್ಟೇ ದೂರುವುದು ನ್ಯಾಯವಲ್ಲ. ನಮ್ಮ ಪಾಲೂ ಅದರಲ್ಲಿದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಪರ್ಧೆಯುಂಟು. ಇದು ಸಣ್ಣ ಗೌರವವಲ್ಲ. ನಾವು ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ ನಮ್ಮ ತಂಡವೂ ಹೋಗಿತ್ತು. ಸಮಯ ಕಡಿಮೆ, ಮಕ್ಕಳಿಗೆ ಕನ್ನಡದ ಬಳಕೆಯೂ ಕಡಿಮೆ. ಆದ್ದರಿಂದ ಮಾತನ್ನೆಲ್ಲ ನಾವೇ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆವು. ಕನ್ನಡ ಓದಲು ಬಾರದ ಇಬ್ಬರು ಮಲಯಾಳ ಲಿಪಿಯಲ್ಲಿ ಬರೆದುಕೊಂಡರು. ರಂಗದಲ್ಲಿ ಒಬ್ಬ ಹುಡುಗ ಒಂದು ವಾಕ್ಯ ಮರೆತ. ಎದುರಿನವನು ತನ್ನದಾಗಿ ಒಂದೇ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಅವನು ಕಣ್ಣು ಬಿಟ್ಟುಕೊಂಡು ನಿಂತ. ಚೆಂಡೆಯವರು ಸಂದರ್ಭವನ್ನು ಮುಚ್ಚಿದರು. ವೇಷ, ಕುಣಿತ ಚೆನ್ನಾಗಿದ್ದುದರಿಂದ ತಂಡಕ್ಕೆ ಎ ಗ್ರೇಡ್ ದೊರೆಯಿತು, ಊರಿನಲ್ಲಿ ಸಿಹಿ ಹಂಚಿದರು. ಆ ಮೌನ ಮಾತ್ರ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಪ್ರಮಾಣಪತ್ರ ಬಂದಿತ್ತು, ಪರಂಪರೆ ಬಂದಿರಲಿಲ್ಲ.

ಒಡಂಬಡಿಕೆಯನ್ನು ಪೂರ್ತಿ ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಅದೇ 2001ರ 19ರಲ್ಲಿ ಮಧ್ಯ ಅಮೆರಿಕದ ಗರಿಫುನಾ ಜನರದೂ ಒಂದು. ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ ದೇಶಗಳಲ್ಲಿ ಹಂಚಿಹೋಗಿರುವ ಸಮುದಾಯವದು. ಅವರ ಪರಂಪರೆ ಪಟ್ಟಿಯಲ್ಲಿರುವುದು ಭಾಷೆ, ಕುಣಿತ, ಸಂಗೀತ ಎಂಬ ಮೂರೂ ಸೇರಿದ ಹೆಸರಿನಲ್ಲಿ. ಮೊದಲು ನಿಂತಿರುವುದು ಭಾಷೆ. ಗಡಿಗಳು ಹರಿದುಹಂಚಿದ ಜನರಿಗೂ ಹೀಗೆ ಕೇಳುವ ದಾರಿಯಿದೆ ಎಂದಾಯಿತು. ಮುಂದೊಂದು ದಿನ ಯಕ್ಷಗಾನಕ್ಕಾಗಿ ಅರ್ಜಿ ಸಿದ್ಧವಾದರೆ, ಅದರಲ್ಲಿ ಕಿರೀಟ, ಬಣ್ಣಗಳ ಜೊತೆಗೆ ಅರ್ಥಗಾರಿಕೆಯ ಹೆಸರೂ ಕಾಸರಗೋಡಿನ ಹೆಸರೂ ಇರಬೇಕೆಂದು ಒತ್ತಾಯಿಸುವುದು ನಮ್ಮಂಥ ಸಂಘಗಳ ಕರ್ತವ್ಯ.

ಅದಕ್ಕೂ ಮೊದಲು ಮಾಡಬೇಕಾದುದು ನಮ್ಮ ಕೈಯಲ್ಲಿಯೇ ಇದೆ. ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ತಿಂಗಳಿಗೊಂದು ಸಂಜೆ, ಯಾರದಾದರೂ ಮನೆಯ ಜಗಲಿಯಲ್ಲಿ ಮಕ್ಕಳ ಕೂಟ ನಡೆಯಲಿ. ಒಂದು ಪದ್ಯ, ಇಬ್ಬರು ಮಕ್ಕಳು, ಕೈಯಲ್ಲಿ ಕಾಗದವಿಲ್ಲ. ಮಾತು ತಪ್ಪಲಿ, ತೊದಲಲಿ, ನಡುವೆ ಒಂದು ಮಲಯಾಳ ಪದ ಬಂದರೂ ಬರಲಿ. ತಮ್ಮ ಮಾತನ್ನು ತಾವೇ ಕಟ್ಟಲಿ. ಹಿರಿಯರು ಮರುದಿನ ಅದರ ಬಗ್ಗೆ ಅವರೊಡನೆ ವಾದಿಸಲಿ. ಈ ಮಳೆಗಾಲದಿಂದ ನಮ್ಮ ಮನೆಯ ಜಗಲಿ ಅದಕ್ಕೆ ತೆರೆದಿರುತ್ತದೆ. ಮೊದಲನೆಯ ಕೂಟಕ್ಕೆ ಪ್ರಸಂಗ ವಾಲಿವಧೆ.